ಬಲ್ಲವರ ಮಾತು ಹೊತ್ತಿಗೆ ಬರಲಿ

ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದವರು ಕ್ರೈಸ್ತ ಮಿಶನರಿಗಳು. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರತಂದ 'ಮಂಗಳೂರ ಸಮಾಚಾರ'ದ ನೆನಪಿಗಾಗಿಯೇ ನಾವು ಇಂದಿಗೂ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಭಾಷಣಗಳಾಗುತ್ತವೆ, ಹಾರ ತುರಾಯಿಗಳಾಗುತ್ತವೆ. ಆದರೆ ಆ ಪತ್ರಿಕೆ ಮಾಡಿದ ಕೆಲಸವೇನೆಂಬುದನ್ನು ನೆನೆಯುವವರು ಕಡಿಮೆ. ಅದು ಹುಟ್ಟಿದ ಮನೆಯವರಂತೂ ಪೂರ್ತಿಯಾಗಿ ಮರೆತಂತೆ ತೋರುತ್ತದೆ.

ಮೋಗ್ಲಿಂಗ್ ಅವರು ಧರ್ಮಪ್ರಚಾರಕ್ಕೆಂದೇ ಬಂದವರು; ಅದರಲ್ಲಿ ಗುಟ್ಟೇನೂ ಇಲ್ಲ. ಆದರೂ ಅವರ ಪಾಕ್ಷಿಕದಲ್ಲಿ ಊರ ವರ್ತಮಾನವಿತ್ತು, ಸರಕಾರದ ಕಟ್ಟಳೆಗಳ ವಿವರವಿತ್ತು, ಪರದೇಶದ ಸುದ್ದಿಯಿತ್ತು, ದಾಸರ ಪದವೂ ಇತ್ತು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು, ಬಹುಕಾಲ ಬಾಳಲಿಲ್ಲ. ಅಲ್ಪಾಯುಷ್ಯದ ಆ ಪತ್ರಿಕೆ ಒಂದು ಪಾಠವನ್ನು ಉಳಿಸಿಹೋಯಿತು: ಧರ್ಮದವರು ಪತ್ರಿಕೆ ನಡೆಸಿದರೆ ಧರ್ಮವನ್ನಷ್ಟೇ ಬರೆಯಬೇಕೆಂಬ ನಿಯಮವಿಲ್ಲ.

ಈಗ ಕ್ರೈಸ್ತ ಸಭೆಗಳ ಕನ್ನಡ ಪತ್ರಿಕೆಗಳಲ್ಲಿ ನನ್ನ ಕೈಗೆ ಬಂದವುಗಳಲ್ಲಿ ಏನಿದೆ? ಬಿಷಪ್ಪರ ಪ್ರವಾಸ, ಹಬ್ಬದ ಭಾವಚಿತ್ರ, ದೇವಾಲಯದ ಪ್ರತಿಷ್ಠೆ, ಕೊನೆಗೊಂದು ಪ್ರವಚನ. ಯಾವುದೂ ತಪ್ಪಲ್ಲ. ಆದರೆ ಆ ತಿಂಗಳು ಈ ನಾಡಿನಲ್ಲಿ ಏನು ನಡೆಯಿತೆಂಬುದು ಆ ಪುಟಗಳಿಂದ ತಿಳಿಯುವುದಿಲ್ಲ. ತಿಳಿದರೂ ಮೂರು ತಿಂಗಳು ತಡವಾಗಿ, 'ಮನುಷ್ಯರು ದುರಾಶೆಯನ್ನು ಬಿಡಬೇಕು' ಎಂಬ ಒಂದು ಸಾಲಿನಲ್ಲಿ ತಿಳಿಯುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ!

ನಾನು ಕ್ರೈಸ್ತನಲ್ಲ. 'ಪರರ ಮನೆಯ ವಿಚಾರ ನಿನಗೇಕೆ?' ಎಂದು ವಾಚಕರು ಕೇಳಬಹುದು. ನಾನು ಹಾವೇರಿ ಜಿಲ್ಲೆಯವನು, ಪತ್ರಿಕೆಯ ಓದುಗ. ನಮ್ಮ ಜಿಲ್ಲೆಯಲ್ಲಿ ಸುದ್ದಿಗೆ ಬರವಿಲ್ಲ. ಸುದ್ದಿಯನ್ನು ಬಿಡಿಸಿ ಹೇಳುವವರಿಗೆ ಬರವಿದೆ. ಆ ಬರವನ್ನು ನೀಗುವ ಶಕ್ತಿಯುಳ್ಳ ಸಮಾಜವೊಂದು ಸುಮ್ಮನೆ ಕುಳಿತರೆ ನಷ್ಟ ನನ್ನದೂ ಹೌದು.

2024ರ ಮಾರ್ಚ್ 11ರ ಸೋಮವಾರವನ್ನು ತೆಗೆದುಕೊಳ್ಳಿ. ಬ್ಯಾಡಗಿಯ ಪೇಟೆಯಲ್ಲಿ ಒಣಮೆಣಸಿನಕಾಯಿಯ ಬೆಲೆ ಕುಸಿಯಿತೆಂದು ರೈತರು ಸಿಟ್ಟಿಗೆದ್ದರು, ಕೃಷಿ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಉರಿದುವು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬೆಂಕಿಯ ಚಿತ್ರ ಬಂತು. ಬೆಂಕಿ ಹತ್ತಿದ್ದು ಕಂಡಿತು. ಏಕೆ ಹತ್ತಿತೆಂಬುದು ಕಾಣಲಿಲ್ಲ. ಬ್ಯಾಡಗಿ ಕಾಯಿ ಖಾರಕ್ಕಲ್ಲ, ಬಣ್ಣಕ್ಕೆ ಮಾರಾಟವಾಗುವುದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಆ ಪೇಟೆಗೆ ಬರುವುದೆಲ್ಲ ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬೇರೆ ತಳಿಯ ಕಾಯಿಯೂ ರಾಶಿ ರಾಶಿಯಾಗಿ ಬರುತ್ತದೆ. ಯಾವ ತಳಿಯ ಬೆಲೆ ಬಿತ್ತು? ಶೀತಲಗೃಹಗಳಲ್ಲಿ ಹಿಂದಿನ ದಾಸ್ತಾನು ಎಷ್ಟಿತ್ತು? ಕಾಯಿಯಲ್ಲಿ ತೇವ ಉಳಿದಿದ್ದರೆ ದರ ಎಷ್ಟು ಇಳಿಯುತ್ತದೆ? ಟೆಂಡರಿನಲ್ಲಿ ದರ ನಿಗದಿಯಾಗುವುದು ಹೇಗೆ? ಇವನ್ನು ಬಲ್ಲವನೊಬ್ಬ ಆ ಗುರುವಾರದ ಪೇಟೆಯೊಳಗೆ ಸರಳವಾಗಿ ಬರೆದಿದ್ದರೆ, ರೈತನಿಗೂ ದಲಾಲಿ ಅಂಗಡಿಯವನಿಗೂ ಅದು ದೀಪವಾಗುತ್ತಿತ್ತು.

ಇದು ಮೊದಲ ಸಲವಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರಾಯಿತು; ಇಬ್ಬರು ಪ್ರಾಣ ಕಳೆದುಕೊಂಡರು. ಬಿತ್ತನೆಯ ಹೊತ್ತಿಗೆ ಗೊಬ್ಬರ ಏಕೆ ಸಿಗಲಿಲ್ಲ? ಆ ವರ್ಷ ಜಗತ್ತಿನ ಪೇಟೆಯಲ್ಲೇ ರಸಗೊಬ್ಬರದ ಬೆಲೆ ಗಗನಕ್ಕೇರಿತ್ತು, ನಮ್ಮ ದೇಶವೋ ಅದಕ್ಕಾಗಿ ಹೊರದೇಶಗಳನ್ನು ನೆಚ್ಚಿಕೊಂಡಿತ್ತು. ಈ ಕೊಂಡಿಯನ್ನು ಹಾವೇರಿಯ ಓದುಗನಿಗೆ ಕೈಹಿಡಿದು ತೋರಿಸಬೇಕಾಗಿತ್ತು. ನಾವು ಓದಿದ್ದು ಆರೋಪ, ಪ್ರತ್ಯಾರೋಪಗಳನ್ನು.

ರಾಣೆಬೆನ್ನೂರಿನ ಸುತ್ತಿನ ಹೊಲಗಳಲ್ಲಿ ಹೈಬ್ರಿಡ್ ಬೀಜೋತ್ಪಾದನೆ ನಡೆಯುತ್ತದೆ. ಹತ್ತಿಯ ಬೀಜಕ್ಕಾದರೆ ಸಂಜೆ ಮೊಗ್ಗಿನ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಪರಾಗ ಸವರಬೇಕು. ಎಲ್ಲವೂ ಕೈಯ ಕೆಲಸ, ಬಹುಪಾಲು ಹೆಂಗಸರ ಕೆಲಸ. ಕೂಲಿಯೆಷ್ಟು, ಶಾಲೆ ಬಿಟ್ಟು ಬರುವ ಮಕ್ಕಳೆಷ್ಟು, ಬೀಜ ಮೊಳೆಯದಿದ್ದರೆ ನಷ್ಟ ಯಾರ ತಲೆಗೆ? ಇವು ಸುದ್ದಿಯ ಹಿಂದಿರುವ ಸುದ್ದಿಗಳು.

'ಇದಕ್ಕೂ ಕ್ರೈಸ್ತರಿಗೂ ಏನು ಸಂಬಂಧ?' ಸಂಬಂಧವಿದೆ. ಈ ದೇಶದಲ್ಲಿ ಶಾಲೆ, ಆಸ್ಪತ್ರೆ, ವಸತಿಗೃಹಗಳ ಮೂಲಕ ಬಡವರ ನಡುವೆ ತಲೆಮಾರುಗಳಿಂದ ಕೆಲಸ ಮಾಡಿದ ಸಮಾಜ ಅದು. 1900ರಲ್ಲಿ ಮೊದಲಾದ ವೆಲ್ಲೂರಿನ ಆಸ್ಪತ್ರೆ, 1910ರಲ್ಲಿ ಅಲಹಾಬಾದಿನಲ್ಲಿ ಸ್ಯಾಮ್ ಹಿಗಿನ್‌ಬಾಟಮ್ ಕಟ್ಟಿದ ಕೃಷಿಶಾಲೆ, 1963ರಲ್ಲಿ ಬೆಂಗಳೂರಿನಲ್ಲಿ ತೆರೆದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಇವೆಲ್ಲ ಅವರವೇ. ವೈದ್ಯರು, ದಾದಿಯರು, ಕೃಷಿ ಬಲ್ಲವರು, ವಕೀಲರು, ಶಿಕ್ಷಕರು ಅವರಲ್ಲಿ ಧಾರಾಳವಾಗಿದ್ದಾರೆ. ಕೊರತೆಯಿರುವುದು ಜ್ಞಾನದಲ್ಲಲ್ಲ, ಆ ಜ್ಞಾನವನ್ನು ಹೊತ್ತಿಗೆ ಸರಿಯಾಗಿ ಅಚ್ಚಿಗೆ ತರುವ ಮನಸ್ಸಿನಲ್ಲಿ. ಕಿಟ್ಟೆಲರ ನಿಘಂಟು ದಶಕಗಳ ದುಡಿಮೆಯ ಮೇಲೆ 1894ರಲ್ಲಿ ಬಂತು, ನಿಘಂಟು ಕಾಯಬಲ್ಲುದು. ಪೇಟೆಯ ಬೆಂಕಿ ಕಾಯಲಾರದು.

ಬೇಗ ಮಾತನಾಡಲು ಅವರಿಗೆ ಬಾರದೆಂದರೆ ನಾನು ಒಪ್ಪಲಾರೆ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಮತಾಂತರ ನಿಷೇಧದ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಾಗ ಕ್ರೈಸ್ತ ಮುಖಂಡರು ತಡಮಾಡಲಿಲ್ಲ, ಕೂಡಲೇ ವಿರೋಧಿಸಿದರು. ಅದು ಅವರ ಹಕ್ಕು. ಆದರೆ ತನ್ನ ಕಾಲಿಗೆ ಮುಳ್ಳು ಚುಚ್ಚಿದಾಗ ಮಾತ್ರ ಬಾಯಿ ತೆರೆಯುವವನ ಮಾತಿಗೆ ನೆರೆಯವನು ಎಷ್ಟು ಕಿವಿಗೊಟ್ಟಾನು? ಮೆಣಸಿನಕಾಯಿಯ ರೈತನ ಪರವಾಗಿ ನಾಲ್ಕು ಸಲ ಸರಿಯಾದ ಮಾತು ಆಡಿದ ಪತ್ರಿಕೆ, ಐದನೆಯ ಸಲ ತನ್ನ ಹಕ್ಕಿನ ಪರವಾಗಿ ಆಡಿದರೆ ಊರೇ ಓದುತ್ತದೆ.

'ಅಲ್ಪಸಂಖ್ಯಾತರು ಇಂಥ ಗದ್ದಲಗಳಿಂದ ದೂರವಿರುವುದೇ ಕ್ಷೇಮ' ಎನ್ನುವವರೂ ಇದ್ದಾರೆ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪಕ್ಷ ಕಟ್ಟುವುದು ಬೇರೆ, ಶೀತಲಗೃಹದ ಲೆಕ್ಕ ಹೇಳುವುದು ಬೇರೆ. ಧಾರ್ಮಿಕ ಪತ್ರಿಕೆ ಧರ್ಮದ ಗೆರೆ ದಾಟಬಾರದೆನ್ನುವವರಿಗೆ ಹಾವೇರಿಯ ಪಕ್ಕದ ಅಗಡಿಯನ್ನು ತೋರಿಸುತ್ತೇನೆ. ಅಲ್ಲಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಧಾರ್ಮಿಕ ಮಾಸಪತ್ರಿಕೆಯೇ. ಗಳಗನಾಥರ ಕೈಯಲ್ಲಿ ಅದು ಕಾದಂಬರಿಗಳನ್ನೂ ಹೊತ್ತು ಮನೆಮನೆಗೆ ಹೋಗಿ ಕನ್ನಡ ಓದುವ ರೂಢಿ ಹಚ್ಚಿತು. ಅದರಿಂದ ಧರ್ಮ ಕೆಡಲಿಲ್ಲ, ಓದುಗರು ಬೆಳೆದರು.

ಇನ್ನೊಂದು ಮಾತು, ತುಸು ಕಹಿಯಾದುದು. ಪರರ ಮನೆಯನ್ನು ಬಲ್ಲವರು ತಮ್ಮ ಮನೆಯನ್ನೂ ಬಲ್ಲವರಾಗಬೇಕು. ಅಮೆರಿಕದ 'ನ್ಯಾಷನಲ್ ಕ್ಯಾಥೊಲಿಕ್ ರಿಪೋರ್ಟರ್' ಎಂಬ ಪತ್ರಿಕೆ ಮಕ್ಕಳ ಮೇಲೆ ಪಾದ್ರಿಗಳು ಎಸಗಿದ ಅತ್ಯಾಚಾರಗಳ ಸಂಗತಿಯನ್ನು 1985ರಲ್ಲಿಯೇ ಪ್ರಕಟಿಸಿತು. ಲೋಕವೆಲ್ಲ ಬೆಚ್ಚಿದ ಬಾಸ್ಟನ್ನಿನ 'ಗ್ಲೋಬ್' ಪತ್ರಿಕೆಯ ವರದಿಗಳು ಬಂದದ್ದು 2002ರಲ್ಲಿ. ಕ್ರೈಸ್ತ ಪತ್ರಿಕೆ ಕ್ರೈಸ್ತ ಸಭೆಗೆ ಹದಿನೇಳು ವರ್ಷ ಮುಂಚಿತವಾಗಿ ಎಚ್ಚರಿಕೆ ಕೊಟ್ಟಿತ್ತು. ಆಗಲೇ ಕಿವಿಗೊಟ್ಟಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ! ತಮ್ಮ ಶಾಲೆಯ ಶುಲ್ಕ, ತಮ್ಮ ಆಸ್ಪತ್ರೆಯ ಬಿಲ್ಲು, ಇವುಗಳ ಬಗೆಗೂ ಬರೆಯಬಲ್ಲ ಪತ್ರಿಕೆಯನ್ನೇ ಜನ ನಂಬುವುದು.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಒಬ್ಬ ಸಂಪಾದಕ, ಒಂದು ಫೋನು, ಐವತ್ತು ಬಲ್ಲವರ ಹೆಸರುಗಳ ಒಂದು ಪಟ್ಟಿ ಸಾಕು. ಸುದ್ದಿ ಹುಟ್ಟಿದ ದಿನವೇ ವಿಷಯ ಬಲ್ಲವರನ್ನು ಕೇಳಬೇಕು. ಮೂರು ದಿನದೊಳಗೆ ಎರಡು ಪುಟ ಬರೆಯಿಸಬೇಕು. ಬರೆದವರ ಹೆಸರೂ ಅವರ ಅನುಭವವೂ ಕೆಳಗಿರಬೇಕು. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದಬೇಕು. ಹಾವೇರಿ, ಹುಬ್ಬಳ್ಳಿಯ ದಿನಪತ್ರಿಕೆಗಳಿಗೂ ಅದನ್ನು ಧಾರಾಳವಾಗಿ ಕೊಡಬೇಕು. ಪ್ರವಚನ ಬೇಡವೆಂದಲ್ಲ, ಲೆಕ್ಕ ಹೇಳಿ ಮುಗಿದ ಮೇಲೆ ಬರಲಿ.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರಗಳಂದು ಪೇಟೆ ಕೂಡುತ್ತದೆ. ಚೀಲ ಬಿಚ್ಚಿ ಕುಳಿತ ರೈತ, ಸಭೆಯ ಪತ್ರಿಕೆ ಮುಂದಿನ ತಿಂಗಳು ಬರುವತನಕ ಕಾಯಲಾರ.