ರೋಗಿಯ ಕೈಯಲ್ಲಿ ರೈಲು

ದೀರ್ಘಕಾಲದ ಕಾಯಿಲೆಯಿಂದ ಹಾಸಿಗೆ ಹಿಡಿದವರಿಗೆ ಔಷಧಿಯ ಕಹಿಗಿಂತಲೂ ಹಗಲಿನ ಉದ್ದವೇ ಹೆಚ್ಚು ಬಾಧಕವಾಗುವುದುಂಟು. ಊಟವನ್ನು ಇನ್ನೊಬ್ಬರು ಉಣಿಸುವರು. ಮಗ್ಗುಲನ್ನು ಇನ್ನೊಬ್ಬರು ಬದಲಾಯಿಸುವರು. ಕಿಟಕಿಯನ್ನು ತೆರೆಯಬೇಕೆ, ಮುಚ್ಚಬೇಕೆ ಎಂಬುದನ್ನು ಸಹ ಇನ್ನೊಬ್ಬರೇ ತೀರ್ಮಾನಿಸುವರು. ಅವರೆಲ್ಲರೂ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಿಜ. ಆದರೆ ತಿಂಗಳುಗಟ್ಟಲೆ ಹೀಗೆ ನಡೆದಾಗ, ಎಲ್ಲವೂ ತನಗೆ ಆಗುತ್ತಿದೆಯೇ ಹೊರತು ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ ರೋಗಿಯ ಮನಸ್ಸಿನಲ್ಲಿ ಬೇರೂರುತ್ತದೆ. ದೇಹದ ಜ್ವರವನ್ನು ಅಳೆಯಲು ಉಷ್ಣಮಾಪಕವುಂಟು. ಈ ನೋವು ಅದರ ಅಳತೆಗೆ ಸಿಕ್ಕುವಂಥದಲ್ಲ.

ಈ ಬಾಧೆಗೆ ಇರುವ ಉಪಶಮನಗಳಲ್ಲಿ ಮಾದರಿ ರೈಲೂ ಒಂದು ಎಂದರೆ ನಮ್ಮ ತರುಣ ವಾಚಕರಲ್ಲಿ ಕೆಲವರು ನಕ್ಕಾರು. ಅಂಗಡಿಯ ಗಾಜಿನ ಹಿಂದೆ ನಿಂತು ಮಕ್ಕಳನ್ನು ಮರುಳುಗೊಳಿಸುವ ವಸ್ತುವಿಗೂ ಆಸ್ಪತ್ರೆಗೂ ಏನು ನಂಟು ಎಂದು ಕೇಳಿಯಾರು. ನಂಟು ಇದೆಯೆಂಬುದು ನಮ್ಮ ಅಭಿಪ್ರಾಯ. ರೈಲಿನ ಚೆಲುವನ್ನು ನೋಡುತ್ತ ಕುಳಿತರೆ ದೊರೆಯುವ ನೆಮ್ಮದಿ ಅಲ್ಪವಾದುದು. ಅದನ್ನು ತಾನೇ ನಡೆಸಿದಾಗ ದೊರೆಯುವ ನೆಮ್ಮದಿ ಬಹುಕಾಲ ನಿಲ್ಲುವಂಥದು. ಆದಕಾರಣ, ರೋಗಿಯ ಕೈ ಎಷ್ಟು ಆಡಬಲ್ಲುದೋ ಅಷ್ಟಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಿಕೊಡುವುದು ವಿಜ್ಞಾನ ಬಲ್ಲವರ ಕರ್ತವ್ಯವೆಂದು ನಾವು ನಂಬಿದ್ದೇವೆ.

ಇದಕ್ಕೊಂದು ನಿದರ್ಶನವನ್ನು ಅಮೆರಿಕದಿಂದ ತೆಗೆದುಕೊಳ್ಳೋಣ. ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ ಯಂಗ್ ಪ್ರಸಿದ್ಧ ಗಾಯಕರು. ೧೯೫೧ರಲ್ಲಿ, ಐದು ವರ್ಷದ ಬಾಲಕರಾಗಿದ್ದಾಗ, ಅವರಿಗೆ ಪೋಲಿಯೊ ತಗಲಿತ್ತು. ೧೯೭೮ರಲ್ಲಿ ಅವರಿಗೆ ಹುಟ್ಟಿದ ಮಗನು ತೀವ್ರವಾದ ಸೆರೆಬ್ರಲ್ ಪಾಲ್ಸಿಯಿಂದ ಬಾಧಿತನಾಗಿದ್ದನು. ಬೆಳೆಯುತ್ತಿರುವ ಮೆದುಳಿಗೆ ಜನನಕ್ಕೆ ಮುಂಚೆಯೋ, ಜನನದ ಸಮಯದಲ್ಲೋ, ಸ್ವಲ್ಪಕಾಲದ ಅನಂತರವೋ ಆದ ಹಾನಿಯೇ ಈ ಸ್ಥಿತಿಗೆ ಕಾರಣ. ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಮನಸ್ಸು ಬಯಸಿದ ಚಲನೆಯನ್ನು ಕೈಕಾಲುಗಳು ನೆರವೇರಿಸಲಾರವು, ಎಷ್ಟೋ ವೇಳೆ ಮಾತೂ ಹೊರಡದು. ಆದರೆ ಮಾತು ಬಾರದ ಮಗುವಿಗೆ ಆಸೆಯೂ ತಿಳಿವಳಿಕೆಯೂ ಇಲ್ಲವೆಂದು ಎಣಿಸುವುದು ದೊಡ್ಡ ತಪ್ಪು.

ಆ ತಂದೆಮಕ್ಕಳಿಗೆ ಮಾದರಿ ರೈಲಿನಲ್ಲಿ ಬಲು ಆಸಕ್ತಿ. ೧೯೦೦ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಲಯೊನೆಲ್ ಎಂಬ ಸಂಸ್ಥೆಯ ರೈಲುಗಳು ಅಲ್ಲಿ ಮನೆಮಾತು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಮೇಲಿನ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಅವುಗಳ ವೇಗವನ್ನು ಹೆಚ್ಚು ಕಡಿಮೆ ಮಾಡುವುದು ಬಹುಕಾಲದ ರೂಢಿ. ಸೆಟೆದ ಕೈಗೆ ಆ ನವಿರಾದ ತಿರುಗಿಸುವಿಕೆ ಸಾಧ್ಯವಿಲ್ಲ. ಯಂಗ್ ಅವರು ದೋಷವನ್ನು ಮಗನ ಕೈಯಲ್ಲಿ ಹುಡುಕದೆ ಯಂತ್ರದ ಹಿಡಿಯಲ್ಲಿ ಹುಡುಕಿದರು. ಮಗನು ಒತ್ತಬಲ್ಲಂಥ ದೊಡ್ಡದೊಂದು ಗುಂಡಿಯಿಂದ ರೈಲು ನಡೆಯುವಂತೆ ನಿಯಂತ್ರಕವನ್ನು ಸಿದ್ಧಪಡಿಸಿದರು. ಮುಂದೆ ಇದೇ ಆಸಕ್ತಿ ಅವರನ್ನು ಲಯೊನೆಲ್ ಸಂಸ್ಥೆಯ ಸಹಭಾಗಿತ್ವಕ್ಕೆ ಒಯ್ದಿತು. ೧೯೯೦ರ ದಶಕದ ನಡುವೆ, ಕೈಯಲ್ಲಿ ಹಿಡಿದ ಪುಟ್ಟ ಪೆಟ್ಟಿಗೆಯಿಂದ ದೂರದಲ್ಲಿದ್ದೇ ರೈಲನ್ನು ನಡೆಸುವ ವ್ಯವಸ್ಥೆ ಮಾರುಕಟ್ಟೆಗೆ ಬಂದಿತು. ೧೯೯೫ರಲ್ಲಿ ಯಂಗ್ ಅವರು ಆ ಸಂಸ್ಥೆಯ ಒಡೆಯರಲ್ಲಿ ಒಬ್ಬರಾದರು. ಒಂದು ಮಗುವಿನ ಅಗತ್ಯಕ್ಕಾಗಿ ನಡೆದ ಚಿಂತನೆಯ ಫಲ ಹೀಗೆ ಇತರ ಹವ್ಯಾಸಿಗಳಿಗೂ ದಕ್ಕಿತು.

ಈ ಹೊಂದಾಣಿಕೆ ಸಾಧ್ಯವಾಗುವ ಬಗೆಯನ್ನು ಸ್ವಲ್ಪ ವಿಚಾರಿಸೋಣ. ಸಾಮಾನ್ಯ ಮಾದರಿ ರೈಲಿನಲ್ಲಿ ಎರಡು ಕಂಬಿಗಳ ಮೂಲಕ ಸುಮಾರು ೧೨ ವೋಲ್ಟುಗಳವರೆಗಿನ ನೇರ ವಿದ್ಯುತ್ತು ಎಂಜಿನ್ನಿನ ಮೋಟಾರಿಗೆ ತಲುಪುತ್ತದೆ. ವೋಲ್ಟೇಜನ್ನು ಏರಿಸಿದರೆ ವೇಗ ಏರುವುದು. ಧನ ಋಣಗಳನ್ನು ಅದಲುಬದಲು ಮಾಡಿದರೆ ಎಂಜಿನ್ನು ಹಿಂದಕ್ಕೆ ಚಲಿಸುವುದು. ೧೯೯೦ರ ದಶಕದಿಂದೀಚೆಗೆ ರೂಢಿಗೆ ಬಂದಿರುವ ಅಂಕೀಯ ನಿಯಂತ್ರಣದಲ್ಲಿ ಕ್ರಮವೇ ಬೇರೆ. ಕಂಬಿಗಳಲ್ಲಿ ವಿದ್ಯುತ್ತು ಸದಾ ಪೂರ್ಣಪ್ರಮಾಣದಲ್ಲಿ ಇರುತ್ತದೆ. ಅದರ ದಿಕ್ಕು ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಸೆಕೆಂಡಿನ ಹತ್ತು ಲಕ್ಷದ ೫೮ ಭಾಗದಷ್ಟು ಕಾಲದ ಮಿಡಿತಗಳ ಜೋಡಿಗೆ ‘೧’ ಎಂದೂ, ಸುಮಾರು ೧೦೦ ಭಾಗ ಅಥವಾ ಅದಕ್ಕೂ ಉದ್ದವಾದ ಮಿಡಿತಗಳ ಜೋಡಿಗೆ ‘೦’ ಎಂದೂ ಅರ್ಥ. ಪ್ರತಿಯೊಂದು ಎಂಜಿನ್ನಿಗೂ ಒಂದೊಂದು ಸಂಖ್ಯೆ ಇದ್ದು, ಅದರೊಳಗಿನ ಡಿಕೋಡರ್ ಎಂಬ ಚಿಕ್ಕ ಉಪಕರಣ ತನ್ನ ಹೆಸರಿಗೆ ಬಂದ ಆಜ್ಞೆಯನ್ನು ಮಾತ್ರ ಓದಿಕೊಂಡು ಪಾಲಿಸುತ್ತದೆ. ಲಯೊನೆಲ್ಲಿನ ವಿಧಾನದ ವಿವರಗಳು ಬೇರೆಯಾದರೂ, ಆಜ್ಞೆಯನ್ನು ಸಂಕೇತವಾಗಿ ಕಳುಹಿಸುವ ತತ್ತ್ವ ಒಂದೇ.

ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇಲ್ಲಿದೆ. ಆಜ್ಞೆ ಒಮ್ಮೆ ಸಂಕೇತವಾಯಿತೆಂದರೆ ಅದು ಬೆರಳಿನಿಂದಲೇ ಹೊರಡಬೇಕೆಂಬ ನಿಯಮವಿಲ್ಲ. ಮೊಣಕೈ ತಗುಲಿದರೆ ಕೂಡುವ ಸ್ವಿಚ್ಚು, ಗಲ್ಲದಿಂದ ಒತ್ತುವ ಸ್ವಿಚ್ಚು, ಕೊಳವೆಯಲ್ಲಿ ಉಸಿರೂದಿದರೆ ಕೆಲಸಮಾಡುವ ಸ್ವಿಚ್ಚು ಇವೆಲ್ಲವೂ ಇಂದು ಬಳಕೆಯಲ್ಲಿವೆ. ಕೈ ಒಮ್ಮೆ ನಡುಗಿ ಗುಂಡಿಯನ್ನು ಮೂರು ಬಾರಿ ತಾಗಿದರೆ ಅದನ್ನು ಒಂದೇ ಆಜ್ಞೆಯೆಂದು ಎಣಿಸುವಂತೆಯೂ ಯಂತ್ರಕ್ಕೆ ಕಲಿಸಬಹುದು.

ಮಾದರಿ ರೈಲಿನ ಅಳತೆಯೂ ರೋಗಿಗೆ ಅನುಕೂಲವಾದುದು. ಜಗತ್ತಿನಲ್ಲಿ ಬಹಳವಾಗಿ ಹರಡಿರುವ ಮಾದರಿಯ ಪ್ರಮಾಣ ೧:೮೭. ೧೪೩೫ ಮಿಲಿಮೀಟರು ಅಗಲದ ರೈಲುದಾರಿ ಇದರಲ್ಲಿ ಹದಿನಾರೂವರೆ ಮಿಲಿಮೀಟರಾಗುವುದು. ಒಂದು ಕಿಲೋಮೀಟರು ದೂರ ಹನ್ನೊಂದೂವರೆ ಮೀಟರಿಗೆ ಇಳಿಯುವುದು. ಗಂಟೆಗೆ ೪೦ ಕಿಲೋಮೀಟರು ವೇಗದ ಗಾಡಿ ಇದೇ ಪ್ರಮಾಣದಲ್ಲಿ ಸೆಕೆಂಡಿಗೆ ಸುಮಾರು ೧೩ ಸೆಂಟಿಮೀಟರು ಚಲಿಸುವುದರಿಂದ, ಎರಡು ಮೀಟರು ಉದ್ದದ ಮೇಜನ್ನು ದಾಟಲು ಅದಕ್ಕೆ ಹದಿನೈದು ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಚೆಂಡಾಟ ಅಷ್ಟು ಕಾಲ ಯಾರಿಗಾಗಿಯೂ ಕಾಯುವುದಿಲ್ಲ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ನಿಧಾನವಾದ ಕೈ ಗುಂಡಿಯನ್ನು ಮುಟ್ಟುವಷ್ಟರಲ್ಲಿ ಗಾಡಿ ಇನ್ನೂ ನಿಲ್ದಾಣದ ಈಚೆಗೇ ಇರುತ್ತದೆ.

ತನ್ನಿಂದ ಏನಾದರೂ ಆಗಬೇಕೆಂಬ ಬಯಕೆಗೆ ಇಷ್ಟು ಬೆಲೆ ಕೊಡಬೇಕೆ ಎಂಬ ಪ್ರಶ್ನೆಗೆ ಮನಶ್ಶಾಸ್ತ್ರದಿಂದ ಒಂದು ಉತ್ತರವಿದೆ. ೧೯೭೬ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಅಮೆರಿಕದ ವಿದುಷಿಯರು ವೃದ್ಧರ ಶುಶ್ರೂಷಾಲಯವೊಂದರಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಅಂತಸ್ತಿನ ವೃದ್ಧರಿಗೆ, ತಮ್ಮ ದಿನಚರಿಯ ಹೊಣೆ ತಮ್ಮದೇ ಎಂದು ಹೇಳಿ, ಇಷ್ಟವಾದ ಗಿಡವೊಂದನ್ನು ಆರಿಸಿಕೊಂಡು ತಾವೇ ನೋಡಿಕೊಳ್ಳುವಂತೆ ತಿಳಿಸಲಾಯಿತು. ಇನ್ನೊಂದು ಅಂತಸ್ತಿನವರಿಗೂ ಗಿಡಗಳನ್ನು ಕೊಡಲಾಯಿತು. ಆದರೆ ನೀರೆರೆಯುವ ಕೆಲಸ ದಾದಿಯರದು. ಮೂರು ವಾರಗಳ ಅನಂತರ ನೋಡಿದಾಗ ಮೊದಲನೆಯ ಗುಂಪಿನವರು ಹೆಚ್ಚು ಚುರುಕಾಗಿಯೂ ಹೆಚ್ಚು ಸಂತೋಷವಾಗಿಯೂ ಇದ್ದರು. ಇದು ಚಿಕ್ಕ ಪ್ರಯೋಗ. ಇದರಿಂದ ಎಲ್ಲ ರೋಗಿಗಳ ವಿಷಯದಲ್ಲೂ ಸಿದ್ಧಾಂತ ಕಟ್ಟುವುದು ಸರಿಯಲ್ಲ. ಆದರೂ ಗಿಡ ಎರಡು ಕಡೆಯೂ ಇತ್ತು, ವ್ಯತ್ಯಾಸವಿದ್ದುದು ಹೊಣೆಯಲ್ಲಿ ಎಂಬುದು ಮರೆಯಬಾರದ ಸಂಗತಿ.

ಅದಕ್ಕೂ ಬಹಳ ಹಿಂದೆ ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಇದೇ ಪಾಠವನ್ನು ತಮ್ಮ ದೇಹದಿಂದಲೇ ಕಲಿತಿದ್ದರು. ಕ್ಷಯ, ಪಾದದ ಶಸ್ತ್ರಚಿಕಿತ್ಸೆ, ಎಡಮಗ್ಗುಲಿನ ನಿಶ್ಚೇಷ್ಟತೆ ಇವೆಲ್ಲವನ್ನೂ ಅನುಭವಿಸಿದ ಅವರು ತೋಟಗೆಲಸ, ಮರಗೆಲಸಗಳಿಂದ ಚೇತರಿಸಿಕೊಂಡು, ೧೯೧೪ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಒಂದು ಮನೆಯನ್ನು ತೆರೆದರು. ‘ಸಾಂತ್ವನ ಗೃಹ’ ಎಂಬುದೇ ಅದಕ್ಕೆ ಅವರಿಟ್ಟ ಹೆಸರಿನ ಅರ್ಥ. ಕೆಲಸದ ಮೂಲಕ ಚಿಕಿತ್ಸೆ ನೀಡುವ ಶಾಸ್ತ್ರದ ಅಮೆರಿಕದ ಸಂಘ ೧೯೧೭ರಲ್ಲಿ ಹುಟ್ಟಿದ್ದು ಅಲ್ಲಿಯೇ. ನಮ್ಮ ದೇಶದಲ್ಲಿ ಈ ಶಾಸ್ತ್ರದ ಬೋಧನೆಯನ್ನು ೧೯೫೦ರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಆರಂಭಿಸಿದವರು ಕಮಲಾ ನಿಂಬಕರ್.

ಮಾದರಿ ರೈಲಿಗೆ ಎದುರಾಗಿ ಹೇಳುವ ಮಾತುಗಳೂ ಇವೆ. ಇದು ವಾಸ್ತವದಿಂದ ತಪ್ಪಿಸಿಕೊಂಡು ಆಟದ ಲೋಕದಲ್ಲಿ ಅಡಗುವ ಉಪಾಯವೆಂಬುದು ಒಂದು ಆಕ್ಷೇಪ. ಆದರೆ ಪುಟ್ಟ ರೈಲು ಯಾರ ಕನಸಿಗೂ ಓಗೊಡುವುದಿಲ್ಲ. ಕಂಬಿಯ ಮೇಲೆ ಧೂಳು ಕುಳಿತರೆ ಅದು ನಿಲ್ಲುವುದು. ತಿರುವು ಬಿಗಿಯಾದರೆ ಹಳಿ ತಪ್ಪುವುದು. ಏರು ಕಡಿದಾದರೆ ಚಕ್ರ ಜಾರುವುದು. ರೋಗಿ ಇಲ್ಲಿ ಎದುರಿಸುವುದು ವಾಸ್ತವವನ್ನೇ. ಕಾರಣ ಹುಡುಕಿ ಸರಿಪಡಿಸಲು ತನ್ನಿಂದ ಆಗುವಷ್ಟು ಚಿಕ್ಕದಾದ ವಾಸ್ತವವನ್ನು. ಕಾಯಿಲೆಯ ವಿಷಯದಲ್ಲಿ ಅಂಥ ಅವಕಾಶ ಅಪರೂಪ.

ಎರಡನೆಯ ಆಕ್ಷೇಪ ಖರ್ಚಿನದು. ಇದರಲ್ಲಿ ಹುರುಳಿದೆ. ವಿದೇಶದಿಂದ ಬರುವ ಎಂಜಿನ್ನುಗಳ ಬೆಲೆ ನಮ್ಮ ಮಧ್ಯಮವರ್ಗದ ಮನೆಗಳಿಗೂ ಭಾರವೇ. ಆದರೆ ಬ್ಯಾಟರಿಯಿಂದ ಓಡುವ ಅಗ್ಗದ ಗಾಡಿ, ಕಂಬಿಯ ಒಂದು ಸುತ್ತು, ದೊಡ್ಡ ಗುಂಡಿಯ ಒಂದು ಸ್ವಿಚ್ಚು ಇಷ್ಟರಿಂದಲೇ ಆರಂಭಿಸಬಹುದು. ರಟ್ಟಿನ ನಿಲ್ದಾಣ, ಬೆಂಕಿಪೊಟ್ಟಣದ ಗೋದಾಮು, ಮರದ ಹೊಟ್ಟಿಗೆ ಬಣ್ಣ ಹಾಕಿ ಮಾಡಿದ ಹುಲ್ಲು ಇವುಗಳಿಗೆ ಹಣಕ್ಕಿಂತ ಬಿಡುವು ಮುಖ್ಯ. ರೋಗಿಗೆ ಬೇಡವೆಂದರೂ ದೊರೆತಿರುವುದು ಅದೊಂದೇ. ಕಟ್ಟಿ ಮುಗಿಯಿತೆನ್ನಲು ಬಾರದ ಕೆಲಸವಾದುದರಿಂದ, ನಾಳೆ ಏನು ಮಾಡಬೇಕೆಂಬ ಯೋಚನೆಯೂ ಅದರೊಡನೆ ಬರುತ್ತದೆ.

ರೈಲು ಯಾವ ರೋಗವನ್ನೂ ಗುಣಪಡಿಸುವುದಿಲ್ಲ. ಔಷಧಿಯ ಸ್ಥಾನವನ್ನಾಗಲಿ ಅಂಗಸಾಧನೆಯ ಸ್ಥಾನವನ್ನಾಗಲಿ ಅದು ಹಿಡಿಯಲಾರದು. ಎಲ್ಲರಿಗೂ ಅದು ರುಚಿಸಬೇಕೆಂದೂ ಇಲ್ಲ. ಕೆಲವು ಎಚ್ಚರಿಕೆಗಳೂ ಅವಶ್ಯ. ಬೆಸುಗೆಯ ಹೊಗೆ ಶ್ವಾಸಕೋಶ ದುರ್ಬಲವಾದವರಿಗೆ ಸಲ್ಲದು. ಮಧುಮೇಹ, ಕುಷ್ಠ ಮೊದಲಾದವುಗಳಿಂದ ಬೆರಳಿನ ಸ್ಪರ್ಶಜ್ಞಾನ ಕುಂದಿದವರು ಕಾದ ಬೆಸುಗೆಕೋಲನ್ನು ಹಿಡಿಯಬಾರದು. ಸುಟ್ಟದ್ದು ಅವರಿಗೆ ತಿಳಿಯದೆ ಹೋದೀತು. ಅಂಥ ಕೆಲಸವನ್ನು ಜೊತೆಗಾರರು ಮಾಡಿಕೊಡಲಿ, ಎಲ್ಲಿ ಹೇಗೆ ಮಾಡಬೇಕೆಂಬ ತೀರ್ಮಾನ ಮಾತ್ರ ರೋಗಿಯದಾಗಿರಲಿ.

ಇದನ್ನು ದಯೆಯ ವಿಷಯವೆಂದು ಕೂಡ ಭಾವಿಸಬಾರದು. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸಾಂಸ್ಕೃತಿಕ ಜೀವನದಲ್ಲಿಯೂ ಮನರಂಜನೆಯಲ್ಲಿಯೂ ಇತರರಿಗೆ ಸಮನಾಗಿ ಭಾಗವಹಿಸುವ ಹಕ್ಕನ್ನು ಅಂಗವಿಕಲರಿಗೆ ನೀಡಿದೆ. ಕಾನೂನಿನ ಪುಸ್ತಕದಲ್ಲಿರುವ ಹಕ್ಕು ಕೈಗೆ ಎಟುಕಬೇಕಾದರೆ ಯಾರಾದರೊಬ್ಬರು ತಂತಿ ಜೋಡಿಸಬೇಕು.

ಆ ಯಾರಾದರೊಬ್ಬರು ನಮ್ಮ ವಾಚಕರೇ ಆಗಲೆಂದು ನಾವು ಹಾರೈಸುತ್ತೇವೆ. ಪ್ರೌಢಶಾಲೆಯ ವಿದ್ಯಾರ್ಥಿಗೆ ಸರಳ ಮಂಡಲವೊಂದನ್ನು ಕಟ್ಟುವುದು ಬರುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸೂಕ್ಷ್ಮನಿಯಂತ್ರಕದ ಪರಿಚಯವಿದೆ. ವಿಜ್ಞಾನ ಸಂಘಗಳು ವಸ್ತುಪ್ರದರ್ಶನಕ್ಕಾಗಿ ವರ್ಷವರ್ಷವೂ ಕಟ್ಟಿ ಕೆಡವುವ ಮಾದರಿಗಳಲ್ಲಿ ಒಂದು, ಊರಿನ ವಿಶೇಷ ಶಾಲೆಗೋ ಪುನರ್ವಸತಿ ಕೇಂದ್ರಕ್ಕೋ ಹೋಗಿ ನೆಲೆಗೊಳ್ಳಲಿ. ಮೇಜು ಗಾಲಿಕುರ್ಚಿಯಲ್ಲಿ ಕುಳಿತವರ ಮೊಣಕಾಲುಗಳಿಗೆ ಎಡೆಗೊಡುವಷ್ಟು ಎತ್ತರವಾಗಿರಲಿ. ಹಳಿ ತಪ್ಪಿದ ಗಾಡಿಯನ್ನು ಎತ್ತಿಡಲು ತೋಳು ತಲುಪುವಷ್ಟೇ ಅಗಲವಾಗಿರಲಿ. ಎಲ್ಲಕ್ಕಿಂತ ಮೊದಲು, ಅದನ್ನು ನಡೆಸುವವರನ್ನೇ ಕೇಳಿರಿ: ದೇಹದ ಯಾವ ಭಾಗ ದಣಿಯದೆ ಆಡುತ್ತದೆ, ಎಷ್ಟು ಬಲದಿಂದ ಒತ್ತಬಲ್ಲದು, ಗಾಡಿ ಎಲ್ಲಿ ನಿಲ್ಲಬೇಕು. ಆ ಉತ್ತರಗಳನ್ನು ಬರೆದುಕೊಂಡ ಮೇಲೆ ತಂತಿಯನ್ನು ಕೈಗೆತ್ತಿಕೊಳ್ಳಿರಿ.