ಅಂಗಡಿಗೆ ಖಾತೆ ಉಂಟು, ದವಾಖಾನೆಗೆ ಏಕಿಲ್ಲ?

ಸೋಂಪುರಕ್ಕೆ ಕೈಗಾರಿಕಾ ಪ್ರದೇಶ ಬಂತು. ಶೆಡ್ಡು ಬಂತು, ಗೋಡೌನು ಬಂತು, ಹೊಲವಿದ್ದ ಕಡೆ ಕೆ.ಐ.ಎ.ಡಿ.ಬಿ. ಫಲಕ ಬಂತು. ಲಾರಿ ಬಂದವು, ದೂರದ ರಾಜ್ಯಗಳಿಂದ ಕೆಲಸಕ್ಕೆ ಜನ ಬಂದರು. ಇಷ್ಟೆಲ್ಲ ಬಂದ ಮೇಲೆ ಕಾಯಿಲೆ ಬಾರದೆ ಇರುತ್ತದೆಯೆ? ಅದೂ ಬಂತು. ಆದರೆ ಕಾಯಿಲೆ ನೋಡುವ ಪದ್ಧತಿ ಮಾತ್ರ ನಮ್ಮ ಹೋಬಳಿಗಳಲ್ಲಿ ಹಳೆಯದೇ. ಚೀಟಿ ಮಾಡಿಸು, ಸಾಲಿನಲ್ಲಿ ನಿಲ್ಲು, ಎರಡು ಮಾತು ಹೇಳು, ಮೂರು ಥರದ ಮಾತ್ರೆ ಇಸಕೋ, ಮುಂದಿನವರು ಬನ್ನಿ!

ಚುನಾವಣೆ ಹತ್ತಿರವಾದಾಗಲೆಲ್ಲ ‘ದೊಡ್ಡ ಆಸ್ಪತ್ರೆ ತರಿಸಿಕೊಡುತ್ತೇವೆ’ ಎಂಬ ಭಾಷಣ ಕೇಳುತ್ತೇವೆ. ತರಿಸಲಿ, ಬೇಡ ಎಂದವರು ಯಾರು? ಆದರೆ ಹೆದ್ದಾರಿ ಹಿಡಿದರೆ ಇತ್ತ ನೆಲಮಂಗಲ, ಅತ್ತ ತುಮಕೂರು. ಇನ್ನೂ ಮುಂದಕ್ಕೆ ಹೋದರೆ ಬೆಂಗಳೂರು. ದೊಡ್ಡ ಆಸ್ಪತ್ರೆಗಳಿಗೇನೂ ನಾವು ಬಹಳ ದೂರದವರಲ್ಲ. ನಮಗೆ ಕೊರತೆ ಬಿದ್ದಿರುವುದು ಊರ ಹತ್ತಿರದ ಸಾಮಾನ್ಯ ವೈದ್ಯ. ಜ್ವರ, ಕೆಮ್ಮು, ಬಿ.ಪಿ., ಸಕ್ಕರೆ, ಮಗುವಿನ ಭೇದಿ, ಗರ್ಭಿಣಿಯ ತಪಾಸಣೆ ಇವನ್ನೆಲ್ಲ ನೋಡಿಕೊಂಡು, ಯಾರನ್ನು ಯಾವಾಗ ಮೇಲಕ್ಕೆ ಕಳಿಸಬೇಕೆಂದು ಬಲ್ಲ ಡಾಕ್ಟರು. ಈ ಕೆಲಸಕ್ಕೆ ಮರ್ಯಾದೆ ಕಮ್ಮಿ. ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗ ‘ಜನರಲ್ ಪ್ರಾಕ್ಟೀಸ್ ಮಾಡ್ತೀನಿ’ ಅಂದರೆ ಮನೆಯವರೇ ಮುಖ ಸಿಂಡರಿಸುವ ಕಾಲ ಇದು.

ಈ ಕೆಲಸ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಜಿಲ್ಲೆಯೇ ಸಾಕ್ಷಿ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿಂದ ಡಾ. ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ತಗುಲಿದವರನ್ನು ಮಾತಾಡಿಸಿ, 1963ರಲ್ಲಿ ವರದಿ ಪ್ರಕಟಿಸಿದರು. ಆಗ ದೊಡ್ಡವರೆಲ್ಲ ನಂಬಿದ್ದು ಒಂದು ಮಾತು: ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಆಸ್ಪತ್ರೆಗೆ ಬರೋದಿಲ್ಲ, ಆದ್ದರಿಂದ ವ್ಯಾನು ತಗೊಂಡು ಮನೆಮನೆಗೆ ಹೋಗಿ ಎಕ್ಸ್‌ರೇ ತೆಗೆಯಬೇಕು. ವರದಿ ಹೇಳಿದ್ದು ಬೇರೆ. ಬಹುತೇಕ ರೋಗಿಗಳಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ತಾವಾಗಿ ಆಸ್ಪತ್ರೆ, ಡಾಕ್ಟರು ಎಂದು ಹೋಗಿಯೂ ಬಂದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಕಫ ತೆಗೆಸಿ ನೋಡಿದವರಿಲ್ಲ.

ಬೈಸಿಕೊಂಡವನು ರೋಗಿ, ಎಡವಿದ್ದು ದವಾಖಾನೆ. ಈ ಕೆಲಸದಿಂದಲೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಅದರ ರೂಪ ಬಂತು. ಕ್ಷಯಕ್ಕೆಂದು ಬೇರೆ ಆಸ್ಪತ್ರೆಯ ದಾರಿ ಕಾಯುವುದು ಬೇಡ, ಸಾಮಾನ್ಯ ಆರೋಗ್ಯ ಕೇಂದ್ರಕ್ಕೆ ಕೆಮ್ಮಿಕೊಂಡು ಬಂದವನ ಕಫವನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲೇ ಮದ್ದು ಕೊಡಿ ಎಂಬ ಪದ್ಧತಿ. ದೇಶಕ್ಕೆಲ್ಲ ಪಾಠ ಹೇಳಿದ್ದು ತುಮಕೂರಿನ ಹಳ್ಳಿಗಳು. ಎರಡು ವಾರಕ್ಕೂ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು, ಅದು ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಎಂಬುದು ಇಂದಿನ ನಿಯಮ. ಅರವತ್ತು ವರ್ಷ ಕಳೆದಿದೆ. ಶೆಡ್ಡಿನಲ್ಲಿ ಒಂದೊಂದು ಕೋಣೆಗೆ ಆರೆಂಟು ಜನ ಮಲಗುವ ಹುಡುಗರಲ್ಲೊಬ್ಬ ತಿಂಗಳಿಂದ ಕೆಮ್ಮುತ್ತಿದ್ದರೆ, ಮೆಡಿಕಲ್ ಸ್ಟೋರಿನಲ್ಲಿ ಸಿರಪ್ಪು ಕೊಂಡು ಕುಡಿಯುವುದನ್ನು ಬಿಟ್ಟು ಕಫದ ಡಬ್ಬಿ ಇಸಕೊಳ್ಳಲು ಹೋಗುತ್ತಾನೆಯೆ? ಹೋಗು ಎನ್ನುವವರು ಅವನಿಗೆ ಯಾರಿದ್ದಾರೆ? ಪಕ್ಕದಲ್ಲಿ ಮಲಗುವವರಿಗೆ ಅದು ಹಬ್ಬದೆ ಬಿಡುತ್ತದೆಯೆ?

ಡಾಕ್ಟರನ್ನೇ ಬೈದು ಸುಮ್ಮನಾಗುವುದೂ ನ್ಯಾಯವಲ್ಲ. ಲೆಕ್ಕ ಹಾಕೋಣ, ವ್ಯಾಪಾರಸ್ಥರಿಗೆ ಲೆಕ್ಕ ಹೊಸದಲ್ಲ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಕೇಂದ್ರ ಸರ್ಕಾರ 2012ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಹೊರರೋಗಿ ವಿಭಾಗ ದಿನಕ್ಕೆ ಆರು ತಾಸು ನಡೆಯಬೇಕು, ಒಬ್ಬ ಡಾಕ್ಟರು ಕನಿಷ್ಠ 40 ರೋಗಿಗಳನ್ನು ನೋಡಬೇಕು ಎಂದಿದೆ. ಆರು ತಾಸೆಂದರೆ 360 ನಿಮಿಷ, ತಲೆಗೆ ಒಂಬತ್ತು ನಿಮಿಷ. ಒಂಬತ್ತು ನಿಮಿಷದಲ್ಲಿ ಬಿ.ಪಿ. ನೋಡಬಹುದು, ಹಿಂದಿನ ಮಾತ್ರೆ ಹಿಡಿಸಿತೋ ಇಲ್ಲವೋ ಕೇಳಬಹುದು, ‘ಬೀಡಿ ಬಿಡಪ್ಪಾ’ ಎಂದು ಗದರಲೂಬಹುದು. ಇದು ಕಾಗದದ ಮೇಲಿನ ಒಂಬತ್ತು. ಹಲವು ದೇಶಗಳ ಲೆಕ್ಕ ಒಟ್ಟುಮಾಡಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ವೀಡನ್ನಿನ ಡಾಕ್ಟರು ಒಬ್ಬ ರೋಗಿಗೆ ಕೊಡುವುದು ಸರಾಸರಿ 22 ನಿಮಿಷಕ್ಕೂ ಹೆಚ್ಚು, ಬಾಂಗ್ಲಾದೇಶದವರು ಒಂದು ನಿಮಿಷವೂ ಇಲ್ಲ, ನಮ್ಮ ಭಾರತದವರು ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ದೇವರೇ ಬಂದು ಕೂತರೂ ಮಾತ್ರೆ ಬರೆದಾನೇ ಹೊರತು ರೋಗ ಹಿಡಿಯಲಾರ.

ನಿಮಿಷಗಳನ್ನು ಉಳಿಸುವ ದಾರಿ ಇದೆ. ಪ್ರತಿ ಸಲವೂ ಹೊಸ ಚೀಟಿ, ಪ್ರತಿ ಸಲವೂ ಹೊಸ ಕತೆ ಎಂಬುದು ನಿಲ್ಲಬೇಕು. ನಮ್ಮೂರ ದಿನಸಿ ಅಂಗಡಿಯವನನ್ನು ನೋಡಿ. ಉದ್ರಿ ಪುಸ್ತಕ ತೆಗೆದರೆ ಯಾರ ಮನೆಗೆ ಎಷ್ಟು ಬೇಳೆ ಹೋಯಿತು, ಯಾರು ಎಷ್ಟು ಬಾಕಿ, ಯಾರು ಎರಡು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ, ಎಲ್ಲವೂ ಅದರಲ್ಲಿದೆ. ತಲೆ ಹಾಕದವನ ಮನೆಗೆ ಹುಡುಗನನ್ನು ಅಟ್ಟುತ್ತಾನೆ. ಬಿ.ಪಿ. ಮಾತ್ರೆ ನುಂಗುವವನ ವಿಚಾರದಲ್ಲಿ ಈ ಖಾತೆ ಇದೆಯೆ? ಮೂರು ತಿಂಗಳಿಂದ ಮಾತ್ರೆಗೆ ಬಾರದವನನ್ನು ಹುಡುಕಿ ಯಾರಾದರೂ ಹೋಗುತ್ತಾರೆಯೆ? ಲಕ್ವ ಹೊಡೆದ ಮೇಲೆ 108 ವಾಹನ ಬರುತ್ತದೆ, ಸರಿ. ಹೊಡೆಯುವ ಮುಂಚೆ ಬರಬೇಕಾದದ್ದು ಒಂದು ಕಾರ್ಡು, ಒಬ್ಬ ಆಶಾ ಕಾರ್ಯಕರ್ತೆ.

ಇದು ಪುಸ್ತಕದ ಬದನೇಕಾಯಿ ಎನ್ನುವವರಿಗೆ ಒಂದು ಉದಾಹರಣೆ. ಇಂಗ್ಲೆಂಡಿನ ಪಕ್ಕದ ವೇಲ್ಸ್ ಸೀಮೆಯಲ್ಲಿ ಗ್ಲಿನ್‌ಕಾರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿ. ಬಡವರ ಊರು. ಅಲ್ಲಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಡಾಕ್ಟರು ತಮ್ಮ ಪಟ್ಟಿಯಲ್ಲಿದ್ದ ಎಲ್ಲ ವಯಸ್ಕರ ಬಿ.ಪಿ.ಯನ್ನೂ ನೋಡಲು ಹಟ ತೊಟ್ಟರು. ಬಾರದವರ ಹೆಸರು ಹುಡುಕಿ ಕರೆಸಿದರು, ಬರೆದಿಟ್ಟರು, ಮತ್ತೆ ಮತ್ತೆ ನೋಡಿದರು. 25 ವರ್ಷದ ನಂತರ, 1991ರಲ್ಲಿ, ಲೆಕ್ಕ ಕೊಟ್ಟರು: ಇಂಥ ಪದ್ಧತಿ ಇಲ್ಲದ ನೆರೆಯ ಊರಿಗೆ ಹೋಲಿಸಿದರೆ 65 ವರ್ಷದೊಳಗಿನ ಸಾವು ಇಲ್ಲಿ ಶೇಕಡ 28ರಷ್ಟು ಕಡಿಮೆ. ದೊಡ್ಡ ಯಂತ್ರವಿಲ್ಲ, ಬಿ.ಪಿ. ಪಟ್ಟಿ ಮತ್ತು ಪುಸ್ತಕ. ಎಲ್ಲಿ ವೈದ್ಯನ ಅಗತ್ಯ ಹೆಚ್ಚೋ ಅಲ್ಲೇ ಒಳ್ಳೆಯ ವೈದ್ಯ ಸಿಗುವುದು ಕಡಿಮೆ ಎಂದು 1971ರಲ್ಲಿ ಬರೆದವರೂ ಇವರೇ. ಸೋಂಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವೇಲ್ಸ್ ದೂರವಾಯಿತೆಂದರೆ ರಾಮನಗರ ಹತ್ತಿರವಿದೆ. ಆಗ ಅದು ಕ್ಲೋಸ್‌ಪೇಟೆ. ಮೈಸೂರು ಸರ್ಕಾರ 1930ರ ದಶಕದಲ್ಲಿ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಅಲ್ಲಿ ಆರೋಗ್ಯ ಘಟಕ ತೆರೆದು, ಹಳ್ಳಿಗೆ ಚಿಕಿತ್ಸೆಯ ಜೊತೆ ಶುಚಿತ್ವ, ಹೆರಿಗೆ, ಸಾಂಕ್ರಾಮಿಕ ರೋಗ ತಡೆ ಎಲ್ಲವನ್ನೂ ಸೇರಿಸಿ ನೋಡುವ ಪ್ರಯೋಗ ಮಾಡಿತು. ಭೋರ್ ಸಮಿತಿಯ ವರದಿ ಬಂದದ್ದು 1946ರಲ್ಲಿ. ಕ್ಲೋಸ್ ಸಾಹೇಬನ ಪೇಟೆಗೂ ಡಾಬ್ಸ್ ಸಾಹೇಬನ ಪೇಟೆಗೂ ಹೆಸರು ಕೊಟ್ಟವರು ಬಿಳಿಯರೇ. ಅದೃಷ್ಟ ಮಾತ್ರ ಬೇರೆ ಬೇರೆ.

ಸರ್ಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ನೋಡುವ ಮಾತಿದೆ. ಒಳ್ಳೆಯದು. ಆದರೆ ಬೆಳಗ್ಗೆ ಏಳಕ್ಕೆ ಬಸ್ ಹತ್ತಿ ಪೀಣ್ಯಕ್ಕೆ ಹೋಗಿ ರಾತ್ರಿ ಎಂಟಕ್ಕೆ ಇಳಿಯುವವನು ಯಾವ ಬಾಗಿಲಲ್ಲಿ ಸಿಗುತ್ತಾನೆ? ಆಸ್ಪತ್ರೆ ತೆರೆದಾಗ ಅವನು ಬಸ್ಸಿನಲ್ಲಿರುತ್ತಾನೆ, ಅವನು ಬಂದಾಗ ಆಸ್ಪತ್ರೆ ಮುಚ್ಚಿರುತ್ತದೆ. ಅಂಗಡಿಯವನೂ ಅಷ್ಟೇ, ಗಲ್ಲಾ ಬಿಟ್ಟು ಏಳಲಾರ. 2022ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ‘ನಮ್ಮ ಕ್ಲಿನಿಕ್’ ಪಟ್ಟಣಗಳಿಗೆ. ಹೋಬಳಿಯಲ್ಲಿ ಕಾರ್ಖಾನೆ ಎಷ್ಟೇ ಇರಲಿ, ಕಾಗದದಲ್ಲಿ ಹಳ್ಳಿಯೇ. ಹೀಗಾಗಿ ದುಡಿಯುವ ಜನಕ್ಕೆಲ್ಲ ಗತಿ ಸಂಜೆಯ ಖಾಸಗಿ ಕ್ಲಿನಿಕ್ಕು. ಅಲ್ಲಿ ಒಳ್ಳೆಯ ಡಾಕ್ಟರೂ ಇದ್ದಾರೆ, ಬೋರ್ಡಿನಲ್ಲಿ ಏನೇನೋ ಅಕ್ಷರ ಬರೆಸಿಕೊಂಡು ಬಂದವರಿಗೆಲ್ಲ ಸೂಜಿ ಚುಚ್ಚುವವರೂ ಇದ್ದಾರೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಕ್ಲಿನಿಕ್ ನೋಂದಣಿಯಾಗಿರಬೇಕು, ದರಪಟ್ಟಿ ಕಾಣುವಂತೆ ಹಾಕಿರಬೇಕು. ಮುಂದಿನ ಸಲ ಹೋದಾಗ ಗೋಡೆ ನೋಡಿ ಸ್ವಾಮಿ. ಮತ್ತೆ ‘ಒಂದು ಇಂಜೆಕ್ಷನ್ ಹಾಕಿಬಿಡಿ ಸಾರ್’ ಎಂದು ನಾವೇ ಬಾಯಿಬಿಟ್ಟು ಕೇಳುವುದನ್ನೂ ಬಿಡೋಣ. ನೆಗಡಿಗೆ ಆಂಟಿಬಯೋಟಿಕ್ ಬೇಡ ಎಂದ ಡಾಕ್ಟರನ್ನು ‘ಇವನಿಗೇನೂ ಬರಲ್ಲ’ ಎಂದು ಬಿಟ್ಟು ಬರುವವರು ನಾವೇ ತಾನೆ?

ಆಡಳಿತ ಯಾರದು? ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂಬುದುಂಟು. ಚುನಾಯಿತ ಪ್ರತಿನಿಧಿಗಳು, ಊರವರು ಅದರಲ್ಲಿ ಕೂರುತ್ತಾರೆ, ಚಿಕ್ಕಪುಟ್ಟ ಖರ್ಚಿಗೆ ಹಣವೂ ಇರುತ್ತದೆ. ನಮ್ಮ ಭಾಗದ ಸಮಿತಿಗಳಲ್ಲಿ ಯಾರಿದ್ದಾರೆ, ಕಡೆಯ ಸಭೆ ಯಾವಾಗ ನಡೆಯಿತು ಎಂದು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರನ್ನು ಕೇಳಿ, ಎಷ್ಟು ಮಂದಿ ಹೇಳುತ್ತಾರೋ ನೋಡೋಣ. ಮನಸ್ಸು ಮಾಡಿದರೆ ಸರ್ಕಾರಿ ಕೇಂದ್ರವೂ ನಡೆಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು ನಡೆಸಿತು. ಎಲ್ಲವನ್ನೂ ಟ್ರಸ್ಟಿಗೆ ಒಪ್ಪಿಸಿ ಎಂದು ನಾವು ಹೇಳುತ್ತಿಲ್ಲ, ಸರ್ಕಾರದ ಹೊಣೆ ಸರ್ಕಾರದ್ದೇ.

ಸದ್ಯಕ್ಕೆ ಕೇಳುವುದು ಇಷ್ಟು. ಸಮಿತಿಯ ಮುಂದಿನ ಸಭೆಗೆ ವರ್ತಕರು ಇಬ್ಬರಾದರೂ ಹೋಗಲಿ. ವಾರಕ್ಕೆ ಎರಡು ದಿನವಾದರೂ ಸಂಜೆ ಐದರಿಂದ ಎಂಟರವರೆಗೆ ಹೊರರೋಗಿ ವಿಭಾಗ ತೆರೆಸಲು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಮನವಿ ಹೋಗಲಿ. ಅದಕ್ಕೆ ಬೇಕಾದ ಡಾಕ್ಟರು, ನರ್ಸನ್ನು ಸರ್ಕಾರ ಹೆಚ್ಚುವರಿಯಾಗಿ ಕೊಡಬೇಕು, ಇರುವ ಒಬ್ಬರನ್ನೇ ಹಿಂಡಬಾರದು. ಬಿ.ಪಿ., ಸಕ್ಕರೆಯವರಿಗೆ ಮನೆವಾರು ಪುಸ್ತಕ ಇಡಲಿ. ನೆಲಮಂಗಲಕ್ಕೋ ತುಮಕೂರಿಗೋ ಕಳಿಸಿದ ರೋಗಿ ವಾಪಸು ಬರುವಾಗ ಅಲ್ಲಿ ಏನು ಮಾಡಿದರೆಂಬ ಚೀಟಿ ಹಿಡಿದೇ ಬರುವಂತಾಗಲಿ. ಕಾರ್ಖಾನೆಯ ಮಾಲೀಕರು ಗುತ್ತಿಗೆ ಹುಡುಗರ ಇ.ಎಸ್.ಐ. ಕಾರ್ಡು ಮಾಡಿಸಿದ್ದಾರೋ ಇಲ್ಲವೋ ಕಾರ್ಮಿಕ ಇಲಾಖೆ ಬಂದು ನೋಡಲಿ, ಶೆಡ್ಡುಗಳಿಗೆ ಕಫದ ಡಬ್ಬಿ ಹೋಗಲಿ. ಮನವಿ ಕೊಟ್ಟವರು ಅದರ ಒಂದು ಪ್ರತಿ ನಮ್ಮ ಕಚೇರಿಗೂ ತಲುಪಿಸಿದರೆ, ಯಾವ ದಿನ ಕೊಟ್ಟಿರಿ, ಯಾವ ದಿನ ಉತ್ತರ ಬಂತು ಎಂಬುದನ್ನು ಇದೇ ಅಂಕಣದಲ್ಲಿ ಹಾಕುತ್ತೇವೆ.