ಕಮಿಟ್ ಆಗದ್ದನ್ನ ಊರಿಗೆಲ್ಲ ಸಾರಬೇಡಿ

1/6
ನಮ್ ಫೆಸ್ಟ್ ಕ್ವಿಜ್ ದಿನ ವೇದಿಕೆ ಮೇಲೆ ಒಂದು ಟೀಮಿನ ಟೇಬಲ್ ಖಾಲಿ ಇತ್ತು, ನೆನಪಿದ್ಯಾ? ಆಪ್‌ನಲ್ಲಿ ಮಾತ್ರ ಕೊನೇವರೆಗೂ "ಸೀಟ್ ಫುಲ್". ನನ್ನ ಪಕ್ಕದ ಬೆಂಚಿನವಳು ಮೂರು ವಾರ ಓದ್ಕೊಂಡಿದ್ಲು. ರಿಫ್ರೆಶ್ ಮಾಡಿ ಮಾಡಿ ಸುಸ್ತಾಗಿ ಕೈಬಿಟ್ಲು. ಕೇಳಿದ್ರೆ ಉತ್ತರ: "ಕ್ಯಾಶ್ ಪ್ರಾಬ್ಲಮ್, ಬಿಡೇ." ಬಿಡಲ್ಲ. ಸ್ವೈಪ್ ಮಾಡಿ.

2/6
ಆಗಿದ್ದಿಷ್ಟು. ಯಾರೋ ಕೊನೇ ಸೀಟು ಒತ್ತಿದ್ರು. ಡೇಟಾಬೇಸಲ್ಲಿ 1 ಇದ್ದಿದ್ದು 0 ಆಯ್ತು, ಆದ್ರೆ ಇನ್ನೂ ಕಮಿಟ್ ಆಗಿಲ್ಲ, ಪೇಮೆಂಟ್ ಬಾಕಿ. ಅಷ್ಟರಲ್ಲೇ ಆಪ್ ಆ 0 ಅನ್ನ ಎಲ್ಲರೂ ಓದೋ ಕ್ಯಾಶ್‌ಗೂ ಬರೆದ್ಬಿಡ್ತು. ಪೇಮೆಂಟ್ ಫೇಲ್ ಆಯ್ತು. ರೋಲ್‌ಬ್ಯಾಕ್ ಆಗಿ ಡೇಟಾಬೇಸ್ ಮತ್ತೆ 1ಕ್ಕೆ ಬಂತು. ಕ್ಯಾಶ್ 0 ಅಂತಾನೇ ಕೂತಿತ್ತು. ರೋಲ್‌ಬ್ಯಾಕ್ ಆಗಿದ್ದು ಕ್ಯಾಶ್‌ಗೆ ತಾನಾಗೇ ಗೊತ್ತಾಗಲ್ಲ.

3/6
"ಬಿಕಾಂ ಓದೋಳಿಗೆ ಇದ್ಯಾಕೆ?" ಅಂತೀರಾ? ನಮಗೇ ಇದು ಮೊದಲು ಅರ್ಥ ಆಗ್ಬೇಕು. ಚೆಕ್ ಹಾಕಿದ ತಕ್ಷಣ ದುಡ್ಡು ಬಂತು ಅಂತ ಯಾರಾದ್ರೂ ಖರ್ಚು ಮಾಡ್ತಾರಾ? ಕ್ಲಿಯರ್ ಆಗೋವರೆಗೂ ಕಾಯ್ತೀವಿ. ನನ್ನ ರಫ್ ಚೀಟಿ ನನ್ನ ಜೇಬಲ್ಲಿರಲಿ. ಲೆಡ್ಜರ್‌ಗೆ ಹೋದದ್ದು ಮಾತ್ರ ಎಲ್ಲರ ಲೆಕ್ಕ.

4/6
ಡೇಟಾಬೇಸ್ ಮಾಡಿದವರು ಇದನ್ನ ಯಾವಾಗ್ಲೋ ಯೋಚಿಸಿದ್ದಾರೆ. ಕಮಿಟ್ ಆಗದ್ದನ್ನ ಇನ್ನೊಬ್ರು ಓದೋದಕ್ಕೆ "ಡರ್ಟಿ ರೀಡ್" ಅಂತ ಹೆಸರೇ ಇದೆ. ಪೋಸ್ಟ್‌ಗ್ರೆಸ್ ಅಂತೂ "ರೀಡ್ ಅನ್‌ಕಮಿಟೆಡ್" ಕೊಡಿ ಅಂತ ಕೇಳಿದ್ರೂ ಕೊಡಲ್ಲ, ರೀಡ್ ಕಮಿಟೆಡ್ ಥರಾನೇ ನಡ್ಕೊಳ್ಳುತ್ತೆ. ಅಷ್ಟು ಗಟ್ಟಿ ಬಾಗಿಲು ಹಾಕಿಕೊಟ್ಟಿರುವಾಗ, ಪಕ್ಕದಲ್ಲಿ ಕ್ಯಾಶ್ ಅನ್ನೋ ಕಿಟಕಿ ತೆಗೆದಿಟ್ಟೋರು ನಾವು.

5/6
ಮಾಡಬೇಕಾದ್ದು ಕಷ್ಟ ಏನಲ್ಲ:
• ನನ್ನ ಬದಲಾವಣೆ ನನ್ನ ಸೆಷನ್‌ನ ಸ್ವಂತ ಕ್ಯಾಶ್‌ನಲ್ಲೇ ಇರಲಿ. ಹೈಬರ್ನೇಟ್‌ನಲ್ಲಿ ಮೊದಲ ಹಂತದ ಕ್ಯಾಶ್ ಒಂದೊಂದು ಸೆಷನ್‌ಗೂ ಬೇರೆ ಬೇರೆ, ಎರಡನೇ ಹಂತದ್ದು ಮಾತ್ರ ಹಂಚಿಕೊಳ್ಳೋದು.
• ನಾನು ಮುಟ್ಟಿದ ಸಾಲನ್ನ ಕಮಿಟ್‌ಗೆ ಮುಂಚೆ ಓದಿದ್ರೆ ಅದನ್ನ ಹಂಚಿಕೆ ಕ್ಯಾಶ್‌ಗೆ ಹಾಕಬಾರದು.
• ಕಮಿಟ್ ಆದ್ಮೇಲೆ ಹಂಚಿಕೆ ಕ್ಯಾಶ್‌ನಲ್ಲಿರೋ ಹಳೇದನ್ನ ಅಳಿಸಿ. ಮುಂದಿನವರು ಡೇಟಾಬೇಸಿಂದ ಓದ್ಕೋತಾರೆ.
• ರೋಲ್‌ಬ್ಯಾಕ್ ಆದ್ರೆ ಸ್ವಂತ ಕ್ಯಾಶ್ ಬಿಸಾಕಿ.
• ಹಳೇ ಬೆಲೆ ಓದಿಟ್ಕೊಂಡವರು ಯಾರೋ ಅಳಿಸಿದ ಮೇಲೂ ಅದನ್ನೇ ವಾಪಸ್ ಹಾಕಬಹುದು. ಅದಕ್ಕೇ ಒಂದು ಅವಧಿ ಮಿತಿನೂ ಇಡಿ. ನಮ್ಮದಕ್ಕೆ ಅದೂ ಇರಲಿಲ್ಲ.

6/6
"ಚಿಕ್ಕ ಆಪ್‌ಗೆ ಇಷ್ಟೆಲ್ಲ ಯಾಕೆ?" ಅನ್ನೋರಿಗೆ: ಒಬ್ಬರ ಮಾಹಿತಿ ಕ್ಯಾಶ್ ಮೂಲಕ ಇನ್ನೊಬ್ಬರಿಗೆ ಕಾಣೋದು ದೊಡ್ಡವರಿಗೂ ಆಗಿದೆ. 2015ರ ಡಿಸೆಂಬರ್ 25ರಂದು ಸ್ಟೀಮ್‌ನಲ್ಲಿ ಕ್ಯಾಶ್ ಸೆಟ್ಟಿಂಗ್ ತಪ್ಪಿ ಒಬ್ಬರ ಖಾತೆಯ ಪುಟ ಇನ್ನೊಬ್ಬರಿಗೆ ಕಾಣಿಸಿತ್ತು. ಕಾರಣ ಬೇರೆ, ಪಾಠ ಒಂದೇ: ಒಬ್ಬರಿಗೆ ಸೇರಿದ್ದನ್ನ ಎಲ್ಲರ ಕಪಾಟಲ್ಲಿ ಇಡಬೇಡಿ.
ಆಪ್ ಸ್ಲೋ ಆದ್ರೆ ಎರಡು ಸೆಕೆಂಡ್ ಬೈತೀವಿ, ಮರೀತೀವಿ. ಸುಳ್ಳು ಹೇಳಿದ್ರೆ ಒಬ್ಬಳ ಮೂರು ವಾರ ಹೋಗುತ್ತೆ. ಮುಂದಿನ ಫೆಸ್ಟ್ ಆಪ್ ಮಾಡೋರನ್ನ ಕೆಳಗೆ ಟ್ಯಾಗ್ ಮಾಡಿ. ಬೈಯೋಕಲ್ಲ, ಓದ್ಲಿ ಅಂತ.

#ಕಮಿಟ್‌ಆದ್ಮೇಲೆಹೇಳಿ #ಬಿಕಾಂಹುಡುಗಿಯಕೋಡ್ #ಸೀಟ್‌ಖಾಲಿಇತ್ತು